ಘಟ್ಟದ ರಸ್ತೆಗೆ ಡೀಸೆಲ್: ರೀಮ್ಯಾಪ್, ಬಾಕ್ಸ್, ಕಂಪನಿ ಮ್ಯಾಪ್ ಮೂರನ್ನೂ ಓಡಿಸಿ ನೋಡಿದ ಮೇಲೆ

ಬಿಎಸ್-6 (ಈಗಿನ ಹೊಗೆ ನಿಯಮ) ಡೀಸೆಲ್ ಗಾಡಿಗೆ ಎಳೆತ ಹೆಚ್ಚಿಸುವ ಟ್ಯೂನಿಂಗ್ ಮಾಡಿಸಬಹುದಾ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ: ಮಲೆನಾಡಿನಲ್ಲಿ ಓಡುವ ಗಾಡಿಯಾದರೆ ಬೇಡ. ಕಂಪನಿ ಕೊಟ್ಟ ಮ್ಯಾಪಿನಲ್ಲೇ, ಅಂದರೆ ಎಂಜಿನ್ ಕಂಪ್ಯೂಟರಿನ ಮೂಲ ಸೆಟ್ಟಿಂಗಿನಲ್ಲೇ ಇರಲಿ. ಟ್ಯೂನಿಂಗ್ ಕಂಡರಾಗದವನ ಮಾತಲ್ಲ ಇದು. ಹಳೇ 1.3 ಲೀಟರ್ ಬಿಎಸ್-4 ಕಾರಿಗೆ ರೀಮ್ಯಾಪ್ ಮಾಡಿಸಿ (ಆ ಸೆಟ್ಟಿಂಗನ್ನೇ ತಿದ್ದಿಸಿ) ವರ್ಷಗಟ್ಟಲೆ ಓಡಿಸಿದ್ದೇನೆ. ಈಗಿನ 1.5 ಲೀಟರ್ ಬಿಎಸ್-6 ಗಾಡಿಗೆ ಹೊರಗಿನಿಂದ ಸಿಕ್ಕಿಸುವ ಟ್ಯೂನಿಂಗ್ ಬಾಕ್ಸ್ ಹಾಕಿ ನೋಡಿದ್ದೇನೆ. ಈಗ ಅದನ್ನು ತೆಗೆದು, ಷೋರೂಮಿನಿಂದ ಬಂದ ಹಾಗೆಯೇ ಓಡಿಸುತ್ತಿದ್ದೇನೆ. ಮೂರರಲ್ಲಿ ನನಗೆ ಇಷ್ಟ ಈ ಕೊನೆಯದೇ.

ನಮ್ಮ ಮನೆ ತೀರ್ಥಹಳ್ಳಿಯಿಂದ ಒಳಗೆ. ದಿನದ ಓಡಾಟ ಅಂದರೆ ತೋಟ, ಡೇರಿ, ಪೇಟೆ. ಎಲ್ಲ ನಾಲ್ಕೈದು ಕಿಲೋಮೀಟರಿನ ಒಳಗೆ, ಎರಡು ಮೂರನೇ ಗೇರಿನಲ್ಲೇ ಮುಗಿಯುತ್ತದೆ. ಆಗಾಗ ಶಿವಮೊಗ್ಗ. ಮದುವೆ ಮುಂಜಿ ಅಂತ ಆಗುಂಬೆ ಇಲ್ಲವೇ ಹುಲಿಕಲ್ ಘಾಟಿ ಇಳಿದು ಉಡುಪಿ ಕಡೆ. ಮುಂದೆ ಹೇಳುವುದೆಲ್ಲ ಈ ಓಡಾಟದ ಲೆಕ್ಕದಲ್ಲೇ.

ಮೊದಲು ರೀಮ್ಯಾಪ್. ಬಿಎಸ್-4 ಕಾರು 2000 ಆರ್‌ಪಿಎಂ ದಾಟುವವರೆಗೆ ಏಳುತ್ತಲೇ ಇರಲಿಲ್ಲ. ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ ಪ್ರತಿ ಸಲ ಮೊದಲನೇ ಗೇರಿಗೆ ಬರಬೇಕು. ಇಸಿಯು, ಅಂದರೆ ಎಂಜಿನ್ ಕಂಪ್ಯೂಟರಿನ ಫೈಲನ್ನು ತೆಗೆದು, ಟರ್ಬೊ ಒತ್ತಡ, ರೈಲ್ ಪ್ರೆಷರ್ (ಇಂಜೆಕ್ಟರಿಗೆ ಹೋಗುವ ಡೀಸೆಲ್‌ನ ಒತ್ತಡ), ಟಾರ್ಕ್ (ಎಳೆತ) ಮಿತಿ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಏರಿಸಿ ಮತ್ತೆ ಬರೆದರು. ಎರಡನೇ ಗೇರಿನಲ್ಲೇ ತಿರುವು ಹತ್ತುವಷ್ಟು ಎಳೆತ ಬಂತು. ಮೈಲೇಜ್ ಹೆಚ್ಚೂಕಡಿಮೆ ಅಷ್ಟೇ ಇತ್ತು. ಜೋರಾಗಿ ತುಳಿದರೆ ಹಿಂದೆ ಕರಿ ಹೊಗೆ ಕಾಣುತ್ತಿತ್ತು. ಆ ಗಾಡಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರಲಿಲ್ಲ. ಹಾಗಾಗಿ ಎಂಜಿನ್‌ಗೆ ತೊಂದರೆಯಾಗಲಿಲ್ಲ, ಹೊಗೆಯೆಲ್ಲ ನಮ್ಮೂರ ಗಾಳಿಗೇ ಹೋಯಿತು. ಓಡಿಸುವ ಖುಷಿ ಒಂದನ್ನೇ ನೋಡಿದರೆ ಮೂರರಲ್ಲಿ ಇದೇ ಮೇಲು.

2020ರ ಏಪ್ರಿಲ್‌ನಲ್ಲಿ ಬಿಎಸ್-6 ಬಂದ ಮೇಲೆ ಲೆಕ್ಕವೇ ಬದಲಾಯಿತು. ಡೀಸೆಲ್ ಕಾರುಗಳಿಗೆ ಕಿಲೋಮೀಟರಿಗೆ 0.25 ಗ್ರಾಂ ಇದ್ದ ನೈಟ್ರೋಜನ್ ಆಕ್ಸೈಡ್ ಮಿತಿ 0.08ಕ್ಕೆ ಇಳಿಯಿತು. ಮಸಿಯ ಕಣ 0.025ರಿಂದ 0.0045ಕ್ಕೆ. ಇದನ್ನು ಎಂಜಿನ್ ಒಂದರಿಂದಲೇ ಸಾಧಿಸಲು ಆಗುವುದಿಲ್ಲ. ಅದಕ್ಕೇ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಬಂತು. ನನ್ನ ಗಾಡಿಯಲ್ಲಿ ನೈಟ್ರೋಜನ್ ಆಕ್ಸೈಡ್ ತಗ್ಗಿಸಲು ಹೊಗೆಗೆ ಸಿಂಪಡಿಸುವ ಆ್ಯಡ್‌ಬ್ಲೂ ದ್ರವ ಕೂಡ ಇದೆ. (ಮನೆಯಲ್ಲಿರುವ ಗೊಬ್ಬರದ ಯೂರಿಯಾವನ್ನೇ ನೀರಿಗೆ ಹಾಕಿದರೆ ಆಗಲ್ವಾ ಎಂದು ನಮ್ಮ ಕಡೆ ಬಹಳ ಜನ ಕೇಳುತ್ತಾರೆ. ಖಂಡಿತ ಬೇಡ. ಆ್ಯಡ್‌ಬ್ಲೂ ಅಂದರೆ ಶುದ್ಧ ನೀರಿನಲ್ಲಿ ಕಲಸಿದ 32.5 ಶೇಕಡಾ ಶುದ್ಧ ಯೂರಿಯಾ. ಗೊಬ್ಬರದ ಕಲ್ಮಶ ಹೊಗೆ ಶುದ್ಧ ಮಾಡುವ ಕ್ಯಾಟಲಿಸ್ಟನ್ನೇ ಕೆಡಿಸುತ್ತದೆ.)

ಈಗ ಟ್ಯೂನಿಂಗ್ ಬಾಕ್ಸ್. ಇಸಿಯುವನ್ನು ಮುಟ್ಟುವುದಿಲ್ಲ, ಬೇಕಾದಾಗ ಕಿತ್ತಿಡಬಹುದು ಅನ್ನುವುದೇ ಇದರ ಮಾರಾಟದ ಮಾತು. ರೈಲ್ ಪ್ರೆಷರ್ ಸೆನ್ಸರಿಗೂ ಇಸಿಯುಗೂ ನಡುವೆ ಕೂರುತ್ತದೆ. ಒತ್ತಡ ಕಡಿಮೆ ಇದೆ ಎಂದು ಇಸಿಯುಗೆ ಸುಳ್ಳು ಹೇಳುತ್ತದೆ. ಇಸಿಯು ಒತ್ತಡ ಏರಿಸುತ್ತದೆ, ಡೀಸೆಲ್ ಜಾಸ್ತಿ ಬೀಳುತ್ತದೆ. ಎಳೆತ ಬಂದದ್ದು ನಿಜ. ಮಾಸ್ತಿಕಟ್ಟೆ ಕಡೆಯ ಏರಿನಲ್ಲಿ ಚೆನ್ನಾಗಿಯೇ ಗೊತ್ತಾಗುತ್ತಿತ್ತು.

ಕಾಟ ಶುರುವಾದದ್ದು ಡಿಪಿಎಫ್‌ನಿಂದ. ಫಿಲ್ಟರಿನಲ್ಲಿ ಎಷ್ಟು ಮಸಿ ಕೂತಿದೆ ಎಂದು ಅಂದಾಜು ಮಾಡಲು ಇಸಿಯು ತಾನು ಎಷ್ಟು ಡೀಸೆಲ್ ಹಾಕಿದೆ ಎಂಬ ಲೆಕ್ಕವನ್ನೂ ನೋಡುತ್ತದೆ. ಬಾಕ್ಸ್ ಆ ಲೆಕ್ಕವನ್ನೇ ತಪ್ಪಿಸಿರುತ್ತದೆ. ಲೆಕ್ಕದಲ್ಲಿ ಕಡಿಮೆ, ಫಿಲ್ಟರಿನಲ್ಲಿ ಜಾಸ್ತಿ. ಕೊನೆಗೆ ಫಿಲ್ಟರಿನ ಹಿಂದೆ ಮುಂದಿನ ಒತ್ತಡ ಅಳೆಯುವ ಸೆನ್ಸರ್ ಇದನ್ನು ಪತ್ತೆ ಮಾಡುತ್ತದೆ, ದೀಪ ಹತ್ತುತ್ತದೆ. ಮೊದಲು ಹೆಚ್ಚೂಕಡಿಮೆ 300 ಕಿಲೋಮೀಟರಿಗೊಮ್ಮೆ ತನ್ನಷ್ಟಕ್ಕೆ ಮಸಿ ಸುಟ್ಟುಕೊಳ್ಳುತ್ತಿದ್ದ ಗಾಡಿ ಬಾಕ್ಸ್ ಹಾಕಿದ ಮೇಲೆ ಅದರ ಅರ್ಧಕ್ಕೇ ಶುರು ಮಾಡಿತು.

ಮಸಿ ಸುಡಲು ಫಿಲ್ಟರ್ ಸುಮಾರು 600 ಡಿಗ್ರಿ ಸೆಲ್ಸಿಯಸ್‌ಗೆ ಕಾಯಬೇಕು. ಗಾಡಿ ಒಂದೇ ಹದದಲ್ಲಿ ಕಾಲು ಗಂಟೆಯಾದರೂ ಓಡಬೇಕು. ಬಯಲುಸೀಮೆಯಲ್ಲಿ ಇದೊಂದು ವಿಷಯವೇ ಅಲ್ಲ. ನಮ್ಮಲ್ಲಿ ಎಲ್ಲಿ ಓಡಿಸುವುದು? ಘಾಟಿ ಹತ್ತುವಾಗ ಸೈಲೆನ್ಸರ್ ಚೆನ್ನಾಗಿ ಕಾಯುತ್ತದೆ, ಒಳ್ಳೆಯದೇ. ಇಳಿಯುವಾಗ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಡೀಸೆಲ್ ನಿಲ್ಲುತ್ತದೆ, ಎಲ್ಲ ಆರಿಹೋಗುತ್ತದೆ. ಮಳೆಗಾಲದಲ್ಲಿ ಪೇಟೆಗೆ ಹೋಗಿ ಬರುವಷ್ಟರಲ್ಲಿ ಎಂಜಿನ್ ಸರಿಯಾಗಿ ಬಿಸಿಯೇ ಆಗುವುದಿಲ್ಲ. ಮನೆ ಗೇಟಿನ ಹತ್ತಿರ ಬಂದಾಗ ಮಸಿ ಸುಡುವ ಕೆಲಸ ಇನ್ನೂ ನಡೆದಿರುತ್ತದೆ: ಐಡಲ್ ಏರಿರುತ್ತದೆ, ಫ್ಯಾನ್ ಜೋರಾಗಿ ತಿರುಗುತ್ತಿರುತ್ತದೆ, ಸುಟ್ಟ ವಾಸನೆ ಬರುತ್ತದೆ. ಆಗ ಆಫ್ ಮಾಡಿದರೆ ಕೆಲಸ ಅರ್ಧಕ್ಕೇ ನಿಂತ ಹಾಗೆ. ಮಾಡದಿದ್ದರೆ ಸುಮ್ನೆ ಮತ್ತೊಂದು ಸುತ್ತು ಹೊಡೆಯಬೇಕು. ಅಷ್ಟು ಕಾದ ಸೈಲೆನ್ಸರ್ ಇರುವ ಗಾಡಿಯನ್ನು ಅಡಿಕೆ ಸಿಪ್ಪೆ, ಒಣ ದರಗು ಬಿದ್ದ ಜಾಗದಲ್ಲಿ ನಿಲ್ಲಿಸುವ ಹಾಗೂ ಇಲ್ಲ. ಬೆಂಕಿಯ ಭಯ. ನಮ್ಮ ಅಂಗಳದಲ್ಲಿ ಇವೆರಡೂ ಇಲ್ಲದ ಜಾಗ ಹುಡುಕಬೇಕು.

ಇನ್ನೊಂದು ಸಂಗತಿ ಡಿಪ್‌ಸ್ಟಿಕ್ ತೆಗೆದು ನೋಡಿದಾಗ ಗೊತ್ತಾಯಿತು. ಆಯಿಲ್ ಮಟ್ಟ ಮೇಲಿನ ಗೆರೆ ದಾಟಿತ್ತು. ಮಸಿ ಸುಡಲು ಇಸಿಯು ಹೆಚ್ಚುವರಿ ಡೀಸೆಲನ್ನು ತಡವಾಗಿ ಸಿಲಿಂಡರಿಗೆ ಬಿಡುತ್ತದೆ. ಅದರಲ್ಲಿ ಸ್ವಲ್ಪ ಗೋಡೆಗಳಿಂದ ಜಾರಿ ಎಂಜಿನ್ ಆಯಿಲ್ ಸೇರುತ್ತದೆ. ಸುಡುವ ಕೆಲಸ ಪದೇ ಪದೇ ಅರ್ಧಕ್ಕೆ ನಿಂತರೆ ಆಯಿಲ್‌ನಲ್ಲಿ ಡೀಸೆಲ್ ಸೇರುತ್ತಲೇ ಹೋಗುತ್ತದೆ. ತೆಳುವಾದ ಆಯಿಲ್‌ನಲ್ಲಿ ಟರ್ಬೊ ಎಷ್ಟು ದಿನ ಬಾಳೀತು? ಅವಧಿಗೆ ಮೊದಲೇ ಆಯಿಲ್ ಬದಲಾಯಿಸಿ, ಬಾಕ್ಸ್ ಕಿತ್ತಿಟ್ಟೆ. ಹೊಸ ಫಿಲ್ಟರಿಗೆ ಎಷ್ಟಾಗುತ್ತದೆ ಎಂದು ವಿಚಾರಿಸಿದಾಗ ಲಕ್ಷದ ಮೇಲೆ ಹೇಳಿದರು. ಆ ವರ್ಷ ತೋಟಕ್ಕೆ ಔಷಧಿ ಹೊಡೆಯುವ ಖರ್ಚಿನ ಮುಂದೆ ನನಗೆ ಅದು ದೊಡ್ಡ ಮೊತ್ತ.

ಫಿಲ್ಟರನ್ನೇ ಕೊರೆದು ಖಾಲಿ ಮಾಡಿಕೊಡುತ್ತೇವೆ ಎನ್ನುವವರೂ ಸಿಕ್ಕರು. ಅದನ್ನು ನಾನು ಒಂದು ಆಯ್ಕೆ ಎಂದೇ ಎಣಿಸುವುದಿಲ್ಲ. ಮನೆ ಮುಂದೆ ಮಕ್ಕಳು ಬಸ್ಸಿಗೆ ಕಾಯುವ ಜಾಗದಲ್ಲಿ ಆ ಹೊಗೆ ಬಿಡಲು ನನಗೆ ಮನಸ್ಸಿಲ್ಲ. ಕಾನೂನೂ ಸ್ಪಷ್ಟವಾಗಿದೆ: 2019ರ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ.

ಹಾಗಾದರೆ ಬಿಎಸ್-6ಕ್ಕೆ ರೀಮ್ಯಾಪ್? ಬಾಕ್ಸಿಗಿಂತ ವಾಸಿ, ಯಾಕೆಂದರೆ ಇಸಿಯುಗೆ ಸುಳ್ಳು ಹೇಳುವುದಿಲ್ಲ. ಆದರೆ ವಾರಂಟಿ ಹೋಗುತ್ತದೆ. ದಿನವೂ ಬೆಂಗಳೂರು ಹೆದ್ದಾರಿಯಲ್ಲಿ ಓಡುವವನ ಫಿಲ್ಟರ್ ತಡೆದುಕೊಂಡೀತು, ನನ್ನದು ತಡೆಯುವುದಿಲ್ಲ.

ಮುಂದೆ ಟ್ಯೂನಿಂಗಿಗೆ ಜಾಗ ಇನ್ನೂ ಕಿರಿದಾಗುತ್ತದೆ. ಹಿಂದೆ ಗಾಡಿ ಲ್ಯಾಬಿನ ಪರೀಕ್ಷೆಯಲ್ಲಿ ಶುದ್ಧವಾಗಿದ್ದರೆ ಸಾಕಿತ್ತು. ಪರೀಕ್ಷೆಯಲ್ಲಿ ಮಾತ್ರ ಹೊಗೆ ತಗ್ಗಿಸುವ ಸಾಫ್ಟ್‌ವೇರ್ ಹಾಕಿದ್ದ 2015ರ ಫೋಕ್ಸ್‌ವ್ಯಾಗನ್ ಹಗರಣ ಹುಟ್ಟಿದ್ದು ಆ ಸಡಿಲಿನಿಂದಲೇ. ನಮ್ಮಲ್ಲಿ 2023ರ ಏಪ್ರಿಲ್‌ನಿಂದ ನಿಜವಾದ ರಸ್ತೆಯ ಮೇಲೂ ಮಿತಿಯೊಳಗೆ ಇರಬೇಕು. ಯುರೋಪಿನಲ್ಲಿ 2026ರ ನವೆಂಬರ್‌ನಿಂದ ಹೊಸ ಮಾದರಿಯ ಕಾರುಗಳಿಗೆ ಅನ್ವಯವಾಗುವ ಯೂರೋ-7 ನಿಯಮದಲ್ಲಿ, ಗಾಡಿ ತನ್ನ ಹೊಗೆಯನ್ನು ತಾನೇ ಗಮನಿಸುವ ವ್ಯವಸ್ಥೆಯೂ, ಸಾಫ್ಟ್‌ವೇರ್ ತಿದ್ದುವುದನ್ನು ತಡೆಯುವ ಷರತ್ತೂ ಇವೆ. ಕುದುರೆಶಕ್ತಿ ಏರಿಸಿ ಮಾರುವ ಟ್ಯೂನಿಂಗಿಗೆ ಹೊಸ ಡೀಸೆಲ್‌ನಲ್ಲಿ ಹೆಚ್ಚು ದಿನ ಇಲ್ಲ ಎಂದೇ ನನ್ನ ನಂಬಿಕೆ.

ಈಗ ಬಾಕ್ಸ್ ಇಲ್ಲದೆ ಘಾಟಿಯಲ್ಲಿ ಒಂದು ಗೇರು ಇಳಿಸುತ್ತೇನೆ, ಅಷ್ಟೇ. ಶಿವಮೊಗ್ಗಕ್ಕೆ ಹೋದಾಗ ದೀಪ ಹತ್ತುವ ಸೂಚನೆ ಕಂಡರೆ ಭದ್ರಾವತಿ ರಸ್ತೆಯಲ್ಲಿ ಗೇರು ಏರಿಸದೆ ಸ್ವಲ್ಪ ದೂರ ಓಡಿಸಿ ಬರುತ್ತೇನೆ. ಬಾಕ್ಸ್ ಮಾರಿ ಬಂದ ದುಡ್ಡಿಗೆ ಸ್ವಲ್ಪ ಸೇರಿಸಿ ಒಳ್ಳೆಯ ಟೈರ್ ಹಾಕಿಸಿದೆ. ಆಗುಂಬೆ ಮಳೆಯಲ್ಲಿ ಅದರ ಬೆಲೆ ಜಾಸ್ತಿ. 1500 ಆರ್‌ಪಿಎಂನಲ್ಲಿ ಎಳೆತ ಕೊಟ್ಟು, ಫಿಲ್ಟರಿನ ಒತ್ತಡ ಏರಿಲ್ಲ ಎಂದು ಒಂದು ಮಳೆಗಾಲದ ದಾಖಲೆ ತೋರಿಸಿ, ಅನುಮತಿಯನ್ನೂ ಕೈಗಿಡುವ ಟ್ಯೂನರ್ ಸಿಕ್ಕಿದರೆ ನಾನು ಮತ್ತೆ ದುಡ್ಡು ಕೊಡಲು ತಯಾರಿದ್ದೇನೆ.