ಚಾಪ್ಲಿನ್ ಬೆಳ್ಳಿ ನಾಣ್ಯವಾ, ಎನ್‌ಟಿಆರ್ ನೂರು ರೂಪಾಯಿಯಾ?

ಹಳೇ ಕಾಮಿಡಿ ಸಿನಿಮಾ ಹುಚ್ಚಿರೋರಿಗೆ ಮುಂಬೈನಲ್ಲಿ ಸಿಗೋ ನಾಣ್ಯ ಮುಖ್ಯವಾಗಿ ಮೂರು ತರ, ಮೂರನ್ನೂ ಮಾಟುಂಗಾದ ಮನೇಲಿ ಮಳೆಗಾಲ ದಾಟಿಸಿ ನೋಡಿದೀನಿ.

ಮೊದಲು ಆಸ್ಟ್ರೇಲಿಯಾದ ಟಂಕಸಾಲೆ ಪರ್ತ್ ಮಿಂಟ್‌ನ ಚಾಪ್ಲಿನ್. 1914ರಲ್ಲಿ ಆತ ತೆರೆಗೆ ಬಂದು ನೂರು ವರ್ಷ ಆಯ್ತು ಅಂತ 2014ರಲ್ಲಿ ತಂದಿದ್ದು, ಟುವಾಲು ದೇಶದ ಹೆಸರಲ್ಲಿ, ಒಂದು ಔನ್ಸ್ ಅಂದ್ರೆ 31.1 ಗ್ರಾಂ ಬೆಳ್ಳಿ. ಓರೆ ಮಾಡಿದ್ರೆ ಚಿತ್ರ ಅಲುಗಾಡತ್ತೆ, ನಾವು ಸ್ಕೂಲಲ್ಲಿ ಇಟ್ಕೊಂಡಿದ್ದ ಸ್ಕೇಲ್ ಮೇಲಿನ ಚಿತ್ರದ ತರ. ಮಕ್ಕಳಿಗೆ ಇದೇ ಇಷ್ಟ. ಆದ್ರೆ ಅಲುಗಾಡೋದು ಮೇಲೆ ಅಂಟಿಸಿರೋ ಪ್ರಿಂಟು, ಲೋಹದಲ್ಲಿ ಒತ್ತಿದ ಮುಖ ಅಲ್ಲ, ಬೆರಳಿಗೆ ಏನೂ ಸಿಗಲ್ಲ.

ತೆಲುಗು ನಟ ಎನ್‌ಟಿಆರ್ (ಎನ್.ಟಿ. ರಾಮರಾವ್) ಮುಖದ ನೂರು ರೂಪಾಯಿ ನಾಣ್ಯ ಬೇರೇನೇ ಅನುಭವ. 2023ರ ಆಗಸ್ಟ್ 28ಕ್ಕೆ ರಾಷ್ಟ್ರಪತಿಗಳು ಬಿಡುಗಡೆ ಮಾಡಿದ್ದು, 44 ಮಿಮೀ ಅಗಲ, 35 ಗ್ರಾಂ ತೂಕ, ಅಂಗೈ ಮೇಲಿಟ್ರೆ ಭಾರ ಗೊತ್ತಾಗತ್ತೆ. ದೇವರ ಪಾತ್ರದವರು ಅಂತಲೇ ಎಲ್ರಿಗೂ ನೆನಪು, ಆದ್ರೆ 1955ರ ಮಿಸ್ಸಮ್ಮದಲ್ಲಿ ಅವರ ಕಾಮಿಡಿ ನೋಡಿದೋರಿಗೆ ಈ ನಾಣ್ಯ ಯಾಕೆ ಬೇಕು ಅಂತ ಹೇಳ್ಬೇಕಾಗಿಲ್ಲ. ಮುಖ ಲೋಹದಲ್ಲೇ ಎದ್ದು ಬಂದಿದೆ, ಲೈಟ್ ಪಕ್ಕದಿಂದ ಬಿದ್ರೆ ಕೆನ್ನೆ ಮೂಗು ಎಲ್ಲಾ ಬೇರೆ ಬೇರೆ ಕಾಣತ್ತೆ. ಬೆಳ್ಳಿ ಅರ್ಧಾನೇ, 40% ತಾಮ್ರ, ಉಳಿದಿದ್ದು ನಿಕಲ್ ಸತು, ಹಾಗಾಗಿ ನಮ್ಮ ಸಮುದ್ರದ ಗಾಳಿಗೆ ಬೇಗ ಮಂಕಾಗತ್ತೆ, ಡಬ್ಬಿ ಬಿಟ್ಟು ತೆಗೀಬೇಡಿ, ಪಿವಿಸಿ ಪ್ಲಾಸ್ಟಿಕ್ ಕವರ್‌ನಲ್ಲಂತೂ ಇಡ್ಲೇಬೇಡಿ, ಹಸಿರು ಹಿಡಿಯತ್ತೆ, ಮಂಕಾಯ್ತು ಅಂತ ಉಜ್ಜಿದ್ರೆ ಬೆಲೆನೂ ಹೋಗತ್ತೆ.

ಮೂರನೇದು ಫುಟ್‌ಪಾತ್ ಮೇಲೆ, ಆನ್‌ಲೈನಲ್ಲಿ ಸಿಗೋ ಬೆಳ್ಳಿ ನೀರು ಕುಡಿಸಿದ ಲಾರೆಲ್ ಹಾರ್ಡಿ ಬಿಲ್ಲೆ. ಮುಖಬೆಲೆ ಇಲ್ಲ, ದೇಶದ ಹೆಸರಿಲ್ಲ, ಅಂದ್ಮೇಲೆ ನಾಣ್ಯನೇ ಅಲ್ಲ. ಬೆಳ್ಳಿ ಅಂತ ಮಾರಿದ್ರೆ ಮ್ಯಾಗ್ನೆಟ್ ಒಂದನ್ನೇ ನಂಬ್ಬೇಡಿ, ಹಿತ್ತಾಳೆನೂ ಅಂಟಲ್ಲ, ತೂಕ ಹಾಕಿಸಿ, ದಪ್ಪ ಅಗಲ ಎರಡನ್ನೂ ಅಳೀರಿ, ಅಷ್ಟು ಗಾತ್ರದ ಬೆಳ್ಳಿಗೆ ಇರ್ಬೇಕಾದ ತೂಕ ಇದ್ಯಾ ನೋಡಿ.

ನನ್ನ ಆಯ್ಕೆ ಎನ್‌ಟಿಆರ್, ಎರಡು ಮಾತಿಲ್ಲ. ಚಾಪ್ಲಿನ್ ಬೇಕೇಬೇಕು ಅನ್ನೋರಿಗೆ ನಮ್ಮ ಅಂಚೆ ಇಲಾಖೆ 1978ರಲ್ಲಿ ತಂದ 25 ಪೈಸೆ ಸ್ಟ್ಯಾಂಪ್ ಇದೆ, ಅಷ್ಟು ದುಡ್ಡೂ ಬೇಕಾಗಲ್ಲ.

ಇನ್ನೊಂದು ಮಾತು, ನಮ್ಮ ನರಸಿಂಹರಾಜು ಹುಟ್ಟಿದ್ದೂ ಎನ್‌ಟಿಆರ್ ಹುಟ್ಟಿದ 1923ರಲ್ಲೇ. ಬೇಡರ ಕಣ್ಣಪ್ಪದಲ್ಲಿ ಅಣ್ಣಾವ್ರ ಜೊತೆಗೇ ಬಂದು ಕರ್ನಾಟಕನೆಲ್ಲ ನಗಿಸಿದ ಮನುಷ್ಯ. ಇಲ್ಲೇ ಫೋರ್ಟ್‌ನಲ್ಲಿ ಟಂಕಸಾಲೆ ಇದೆ, ಅವರ ಮುಖದ ನಾಣ್ಯ ಒಂದು ಅಚ್ಚಾಗಿ ಬಂದ್ರೆ ಮೊದಲ ದಿನಾನೇ ಬುಕ್ ಮಾಡ್ತೀನಿ.