ಬ್ಲೂ ಟಿಕ್: ಆರು ತಿಂಗಳು ಆಫ್, ಈಗ ಮತ್ತೆ ಆನ್

ವಾಟ್ಸಾಪ್ ಬಗ್ಗೆ ವಿಮರ್ಶೆ ಬರೆಯೋಕೆ ಏನಿದೆ, ಎಲ್ಲರ ಫೋನಿನಲ್ಲೂ ಇದೆಯಲ್ಲ ಅನ್ನಬಹುದು. ನಾನು ಬರೆಯುತ್ತಿರುವುದು ಅದರ ಒಂದು ಸೌಲಭ್ಯದ ಬಗ್ಗೆ ಮಾತ್ರ. ಆ ಎರಡು ನೀಲಿ ಗೆರೆ. ಅದನ್ನು ನೋಡಿ ನಾನೂ ನನ್ನ ತಂಗಿಯೂ ಹನ್ನೊಂದು ದಿನ ಮಾತು ಬಿಟ್ಟಿದ್ದೆವು. ಆಮೇಲೆ ಆರು ತಿಂಗಳು ಅದನ್ನು ಆಫ್ ಮಾಡಿಟ್ಟಿದ್ದೆ. ಈಗ ಎರಡು ತಿಂಗಳಿಂದ ಮತ್ತೆ ಆನ್ ಇದೆ. ಎರಡೂ ಥರ ಇದ್ದು ನೋಡಿದ್ದರಿಂದ ಬರೆಯಬೇಕು ಅನ್ನಿಸಿತು.

ಮೊದಲು ಗೆರೆಗಳ ಲೆಕ್ಕ. ಒಂದು ಬೂದು ಗೆರೆ ಅಂದರೆ ಮೆಸೇಜ್ ನಮ್ಮಿಂದ ಹೋಯಿತು. ಎರಡು ಬೂದು ಅಂದರೆ ಅವರ ಫೋನಿಗೆ ತಲುಪಿತು. ಎರಡೂ ನೀಲಿಯಾದರೆ ಆ ಚಾಟ್ ತೆರೆಯಿತು. ನೀಲಿ ಬಂದದ್ದು 2014ರ ನವೆಂಬರಿನಲ್ಲಿ. ಅದಕ್ಕೆ ಮೊದಲು ಎರಡು ಬೂದು ಗೆರೆ ನೋಡಿಯೇ ‘ಓದಿದ್ದಾರೆ’ ಅಂದುಕೊಳ್ಳುವವರು ಜಾಸ್ತಿ ಇದ್ದರು. ಆ ಗೊಂದಲ ಹೋಯಿತು, ಒಳ್ಳೆಯದೇ. ಆದರೆ ಚಾಟ್ ತೆರೆಯಿತು ಅನ್ನುವುದನ್ನು ನಾವು ‘ಓದಿದಳು’ ಅಂದುಕೊಳ್ಳುತ್ತೇವೆ. ಓದಿದಳು ಅನ್ನುವುದನ್ನು ‘ಉತ್ತರ ಕೊಡೋಕೆ ಮನಸ್ಸಿಲ್ಲ’ ಅಂದುಕೊಳ್ಳುತ್ತೇವೆ. ಗೆರೆ ಹೇಳಿದ್ದು ಮೊದಲನೆಯದು ಮಾತ್ರ. ಉಳಿದದ್ದು ನಾವೇ ಸೇರಿಸಿಕೊಂಡದ್ದು.

ನಾನು ಸೇರಿಸಿಕೊಂಡದ್ದು ಏನು ಅಂತ ಹೇಳುತ್ತೇನೆ. ನಾನು ಶಾಲೆಯಲ್ಲಿ ಪಾಠ ಮಾಡುವವಳು. ತಂಗಿ ನರ್ಸ್, ಆ ತಿಂಗಳು ಅವಳಿಗೆ ರಾತ್ರಿ ಪಾಳಿ. ಅಪ್ಪನಿಗೆ ಕಣ್ಣಿನ ಆಪರೇಷನ್ ನಿಗದಿಯಾಯಿತು. ಶನಿವಾರ ರಾತ್ರಿ ಅವಳಿಗೆ ಬರೆದೆ: “ಗುರುವಾರ ಆಪರೇಷನ್. ನೀನು ಒಂದು ವಾರ ಬಂದು ಇರ್ತೀಯಾ? ನನಗೆ ಪರೀಕ್ಷೆ ಪೇಪರ್ ತಿದ್ದೋದಿದೆ.” ಬೆಳಗ್ಗೆ ಎದ್ದಾಗ ಗೆರೆ ನೀಲಿ. ಮೆಸೇಜ್ ಒತ್ತಿ ಹಿಡಿದು ವಿವರ ನೋಡಿದೆ. 3 ಗಂಟೆ 12 ನಿಮಿಷಕ್ಕೆ ಓದಿದ್ದಾಳೆ. ಮಧ್ಯಾಹ್ನ ಕಳೆಯಿತು, ಉತ್ತರ ಇಲ್ಲ. ಸಂಜೆ ಅವಳ ಹೆಸರಿನ ಕೆಳಗೆ ‘ಆನ್‌ಲೈನ್’ ಅಂತ ಬಂತು. ಯಾರ ಜೊತೆಗೋ ಹರಟುತ್ತಾಳೆ, ಅಪ್ಪನ ವಿಷಯಕ್ಕೆ ಒಂದು ಸಾಲು ಬರೆಯೋಕೆ ಆಗಲ್ಲ ಅಂತ ನನಗೆ ಮೈ ಉರಿಯಿತು. “ಓದಿ ಸುಮ್ನಿರೋಕೆ ನಾನೇನು ಹೊರಗಿನವಳಾ?” ಅಂತ ಬರೆದೆ. ಅದೂ ನೀಲಿಯಾಯಿತು. ಆಮೇಲೆ ಇಬ್ಬರೂ ಮೌನ.

ಅವಳು ಬುಧವಾರವೇ ಬಂದಳು. ಆಪರೇಷನ್ ಆಯಿತು. ಅಪ್ಪನ ಕಣ್ಣಿಗೆ ಹಗಲು ನಾನು ಡ್ರಾಪ್ಸ್ ಹಾಕುತ್ತಿದ್ದೆ, ರಾತ್ರಿ ಅವಳು. ಹಾಕಿದ ಹೊತ್ತನ್ನು ಒಂದು ಚೀಟಿಯಲ್ಲಿ ಬರೆದಿಡುತ್ತಿದ್ದೆವು. ಒಬ್ಬರು ಇನ್ನೊಬ್ಬರಿಗೆ ಬಾಯಿಬಿಟ್ಟು ಹೇಳಬಾರದು ಅಂತ ಆ ಚೀಟಿ. ಅಪ್ಪ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕೂತು ಕೇಳಿದರು, “ಯಾಕ್ರಮ್ಮಾ, ಇಬ್ಬರೂ ನನ್ನ ಹತ್ತಿರ ಮಾತ್ರ ಮಾತಾಡ್ತೀರಿ?” ನಮ್ಮಿಬ್ಬರಲ್ಲಿ ಯಾರೂ ಉತ್ತರ ಕೊಡಲಿಲ್ಲ.

ಹನ್ನೊಂದನೇ ದಿನ ಚೀಟಿ ಕೈಯಲ್ಲಿ ಹಿಡಿದುಕೊಂಡೇ ತಂಗಿ ಹೇಳಿದಳು. “ಅಕ್ಕಾ, ಅವತ್ತು ರಾತ್ರಿ ವಾರ್ಡಿನಲ್ಲಿ ಒಬ್ಬರು ತೀರಿಕೊಂಡರು. ಅವರ ಮನೆಯವರು ಬರೋವರೆಗೆ ಕೂತಿದ್ದಾಗ ನಿನ್ನ ಮೆಸೇಜ್ ನೋಡಿದೆ. ರಜೆ ಸಿಗುತ್ತೋ ಇಲ್ಲವೋ ಗೊತ್ತಿಲ್ಲದೆ ಬರ್ತೀನಿ ಅಂತ ಹೇಗೆ ಹೇಳಲಿ? ಅಪ್ಪನ ವಿಷಯದಲ್ಲಿ ಬರಲ್ಲ ಅಂತ ಹೇಗೆ ಹೇಳಲಿ? ಸಂಜೆ ಎದ್ದು ಮೇಲಿನವರ ಹತ್ತಿರ ರಜೆ ಕೇಳ್ತಾ ಇದ್ದೆ. ನೀನು ನನ್ನನ್ನು ಆನ್‌ಲೈನ್ ನೋಡಿದ್ದು ಆಗ.”

ನಾನು ನೋಡಿದ ಪ್ರತಿಯೊಂದೂ ನಿಜವಾಗಿತ್ತು. 3:12 ನಿಜ, ನೀಲಿ ನಿಜ, ಆನ್‌ಲೈನ್ ನಿಜ. ಅದರಿಂದ ನಾನು ಕಟ್ಟಿಕೊಂಡ ತಂಗಿ ಮಾತ್ರ ಸುಳ್ಳು.

ಅವತ್ತೇ ಸೆಟ್ಟಿಂಗ್ಸ್‌ಗೆ ಹೋಗಿ ಬ್ಲೂ ಟಿಕ್ ಆಫ್ ಮಾಡಿದೆ. ಇದರಲ್ಲಿ ಒಂದು ನಿಯಮ ಇದೆ, ನನಗೆ ತುಂಬಾ ಇಷ್ಟವಾದದ್ದು. ನಾನು ಓದಿದ್ದು ಬೇರೆಯವರಿಗೆ ಕಾಣಬಾರದು ಅಂದರೆ, ಅವರು ಓದಿದ್ದೂ ನನಗೆ ಕಾಣಲ್ಲ. ಕೊನೆಯ ಸಲ ಯಾವಾಗ ಬಂದಿದ್ದರು ಅನ್ನುವುದಕ್ಕೂ ಇದೇ ನಿಯಮ. ನಾವು ಮರೆಯಲ್ಲಿ ನಿಂತು ಇನ್ನೊಬ್ಬರನ್ನು ಇಣುಕಿ ನೋಡೋಕೆ ಆಗಲ್ಲ. ಮನುಷ್ಯರ ನಡುವೆ ಇಷ್ಟು ಸರಳವಾದ ನ್ಯಾಯ ಎಷ್ಟೋ ಕಡೆ ಸಿಗಲ್ಲ, ಅಲ್ವಾ? ಇದೊಂದಕ್ಕೆ ನಾನು ಐದಕ್ಕೆ ಐದು ಕೊಡುತ್ತೇನೆ.

ಆಫ್ ಮಾಡಿದ ಮೊದಲ ವಾರಗಳು ಹಗುರವಾಗಿದ್ದವು. ಆಮೇಲೆ ನನ್ನ ಕಣ್ಣು ಬೇರೆ ಗುರುತು ಹುಡುಕೋಕೆ ಶುರು ಮಾಡಿತು. ಆನ್‌ಲೈನ್ ಇದ್ದಾರಾ? ಡಿಪಿ ಬದಲಾಯಿತಾ? ಗೆರೆ ಹೋಗಿತ್ತು, ಅನುಮಾನ ಹೋಗಿರಲಿಲ್ಲ.

ಗ್ರೂಪುಗಳಿಗೆ ಈ ಆಫ್ ನಡೆಯುವುದಿಲ್ಲ. ಅಲ್ಲಿ ಯಾರು ಓದಿದರು ಅನ್ನುವುದು ಯಾವಾಗಲೂ ಕಾಣುತ್ತದೆ. ವಾಯ್ಸ್ ಮೆಸೇಜ್ ಕೇಳಿದ ಗುರುತೂ ಹಾಗೆಯೇ. ನಮ್ಮ ಮನೆಯವರ ಗ್ರೂಪಿನಲ್ಲಿ 23 ಜನ, ನಾನೇ ಅಡ್ಮಿನ್. ಎಲ್ಲರೂ ಸೇರಿ ಪ್ರವಾಸ ಹೋಗೋಣ, ಬರುವವರು ಹೇಳಿ ಅಂತ ಹಾಕಿದ್ದೆ. ಎಲ್ಲರೂ ನೋಡಿದ ಮೇಲೆ ಮಾತ್ರ ಗ್ರೂಪಿನಲ್ಲಿ ಗೆರೆ ನೀಲಿಯಾಗುವುದು. ಅಲ್ಲಿಯವರೆಗೆ ವಿವರ ತೆರೆದರೆ ಓದಿದವರ ಪಟ್ಟಿ, ಹೊತ್ತಿನ ಸಮೇತ ಸಿಗುತ್ತದೆ. ನಾನು ಹಾಜರಿ ಕರೆದು ಕರೆದು ಅಭ್ಯಾಸ ಆದವಳು. ಓದಿಯೂ ಉತ್ತರ ಕೊಡದ ನಾಲ್ಕು ಜನರ ಹೆಸರು ಬರೆದು, “ಓದಿದ್ದೀರಿ, ಹೇಳಿ” ಅಂತ ಹಾಕಿದೆ.

ಮೂವರು ಹೇಳಿದರು. ನಾಲ್ಕನೆಯವಳು, ಚಿಕ್ಕಪ್ಪನ ಸೊಸೆ, ಗ್ರೂಪಿನಿಂದ ಹೊರಗೆ ಹೋದಳು. 2022ರಿಂದ ಹೀಗೆ ಯಾರಾದರೂ ಹೋದರೆ ಎಲ್ಲರಿಗೂ ಸೂಚನೆ ಹೋಗಲ್ಲ, ಅಡ್ಮಿನ್‌ಗೆ ಮಾತ್ರ ಹೋಗುತ್ತದೆ. ಹಾಗಾಗಿ ಅವಳು ಹೋದದ್ದು ನನ್ನೊಬ್ಬಳಿಗೇ ಗೊತ್ತಾಯಿತು. ಫೋನ್ ಮಾಡಿದೆ. ಗಂಡನಿಗೆ ಕೆಲಸ ಹೋಗಿ ಎರಡು ತಿಂಗಳಾಗಿತ್ತು. “ಬರಲ್ಲ ಅಂದ್ರೆ ಯಾಕೆ ಅಂತ ಕೇಳ್ತೀರಿ. ಎಲ್ಲರ ಮುಂದೆ ಏನು ಹೇಳಲಿ ಅಂತ ಸುಮ್ನಿದ್ದೆ ಅಕ್ಕಾ,” ಅಂದಳು. ಸುಮ್ಮನಿರುವುದು ಅವಳ ಮರ್ಯಾದೆಗೆ ಉಳಿದಿದ್ದ ಒಂದೇ ಜಾಗ. ನಾನು ಪಟ್ಟಿ ನೋಡಿ ಆ ಜಾಗವನ್ನೂ ಕಿತ್ತುಕೊಂಡಿದ್ದೆ. ಕ್ಷಮೆ ಕೇಳಿದೆ. ಯಾರಿಗೂ ಹೇಳಲಿಲ್ಲ. ವಾರದ ಮೇಲೆ, ಅವಳೇ ಸರಿ ಅಂದ ಮೇಲೆ, ಮತ್ತೆ ಸೇರಿಸಿದೆ. ಸದ್ದಿಲ್ಲದೆ ಹೊರಗೆ ಹೋಗಲು ಬಿಡುವ ಈ ಬದಲಾವಣೆ ದೊಡ್ಡ ಉಪಕಾರ ಅನ್ನುತ್ತೇನೆ. ಹಿಂದೆ ಇದ್ದಂತೆ 23 ಜನಕ್ಕೂ ‘ಹೊರಗೆ ಹೋದರು’ ಅಂತ ಕಂಡಿದ್ದರೆ ಅವಳು ಇನ್ನೆಷ್ಟು ಜನಕ್ಕೆ ಉತ್ತರ ಹೇಳಬೇಕಿತ್ತು!

ಉಳಿದ ಸಣ್ಣ ಸೌಲಭ್ಯಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಕಳಿಸಿದ್ದನ್ನು ಎರಡು ದಿನದವರೆಗೂ ಎಲ್ಲರ ಫೋನಿನಿಂದ ಅಳಿಸಬಹುದು, ಆದರೆ ಅಳಿಸಿದ ಗುರುತು ಉಳಿಯುತ್ತದೆ. 2023ರಿಂದ 15 ನಿಮಿಷದೊಳಗೆ ತಿದ್ದಲೂಬಹುದು, ತಿದ್ದಿದ ಗುರುತೂ ಕಾಣುತ್ತದೆ. ಎರಡೂ ಸರಿ. ಮುಚ್ಚಿಟ್ಟು ಬದಲಾಯಿಸುವುದಕ್ಕಿಂತ ಬದಲಾಯಿಸಿದೆ ಅಂತ ಹೇಳುವುದು ಒಳ್ಳೆಯದು. ಅಳಿಸಿದವರನ್ನು ‘ಏನು ಬರೆದಿದ್ದೆ?’ ಅಂತ ಮಾತ್ರ ಕೇಳಬೇಡಿ. ನುಂಗಿಕೊಂಡ ಮಾತನ್ನು ಕಕ್ಕಿಸಬಾರದು.

ಮತ್ತೆ ಆನ್ ಮಾಡಿದ್ದು ಅತ್ತೆಯಿಂದ. ಅಪ್ಪನ ಅಕ್ಕ ಅವರು, ಒಬ್ಬರೇ ಇರುತ್ತಾರೆ. ದಿನಾ ಬೆಳಗ್ಗೆ ನನಗೊಂದು ಹೂವಿನ ಚಿತ್ರ ಕಳಿಸುತ್ತಾರೆ. ನಾನು ಉತ್ತರ ಬರೆಯುವುದು ಯಾವಾಗಲೋ ಒಮ್ಮೆ. ಒಂದು ದಿನ ಫೋನ್ ಮಾಡಿ, “ಹುಷಾರಾಗಿದ್ದೀಯೇನೇ? ಎಷ್ಟು ದಿನದಿಂದ ನನ್ನ ಗೆರೆ ಬಣ್ಣ ತಿರುಗ್ತಾನೇ ಇಲ್ಲ,” ಅಂದರು. ಉತ್ತರ ಬರದಿದ್ದರೂ ಅವರಿಗೆ ಬೇಜಾರಿರಲಿಲ್ಲ. ನೀಲಿಯಾದರೆ ನಾನು ಎದ್ದಿದ್ದೇನೆ, ಚೆನ್ನಾಗಿದ್ದೇನೆ ಅಂತ ಅವರ ಲೆಕ್ಕ. ನಾನು ಆಫ್ ಮಾಡಿದ ದಿನದಿಂದ ಅವರು ಕಾಯುತ್ತಲೇ ಇದ್ದರು. ಅದೇ ಗೆರೆ. ನಾನು ತಂಗಿಯ ಮೇಲೆ ಅದನ್ನು ಪೊಲೀಸರಂತೆ ನಡೆಸಿದ್ದೆ. ಅತ್ತೆ ಅದನ್ನು ಕಿಟಕಿಯ ದೀಪದಂತೆ ನೋಡುತ್ತಿದ್ದರು.

ಹಾಗಾಗಿ ಬ್ಲೂ ಟಿಕ್‌ಗೆ ನನ್ನ ಅಂಕ ಐದಕ್ಕೆ ಮೂರು. ಒಬ್ಬರೇ ಇರುವ ಹಿರಿಯರು ನಿಮ್ಮ ಪಟ್ಟಿಯಲ್ಲಿದ್ದರೆ ಆನ್ ಇಡಿ. ಗೆರೆ ನೋಡಿ ರಾತ್ರಿ ನಿದ್ದೆ ಕೆಡುವವರಾದರೆ ಕೆಲವು ದಿನ ಆಫ್ ಮಾಡಿ, ತಪ್ಪೇನಿಲ್ಲ. ಎರಡು ಅಂಕ ಕಡಿಮೆ ಯಾಕೆಂದರೆ, ‘ನೋಡಿದೆ, ಈಗ ಆಗಲ್ಲ, ಆಮೇಲೆ ಬರೀತೀನಿ’ ಅಂತ ಹೇಳುವ ಬಣ್ಣ ಇದರಲ್ಲಿಲ್ಲ. ಬೂದು ಇದೆ, ನೀಲಿ ಇದೆ, ನಡುವೆ ಏನೂ ಇಲ್ಲ. ನಮ್ಮ ಬದುಕು ಜಾಸ್ತಿ ನಡೆಯುವುದು ಆ ನಡುವೆಯೇ.

ನಾನೂ ತಂಗಿಯೂ ಅದಕ್ಕೊಂದು ದಾರಿ ಮಾಡಿಕೊಂಡಿದ್ದೇವೆ. 2022ರಿಂದ ಮೆಸೇಜ್ ಮೇಲೆಯೇ ಒಂದು ಎಮೋಜಿ ಅಂಟಿಸಬಹುದಲ್ಲ, ಅದರಲ್ಲಿ ಮರಳು ಗಡಿಯಾರದ ಚಿತ್ರ ಆರಿಸಿಕೊಂಡೆವು. ಅದು ಬಂದರೆ ಇನ್ನೊಬ್ಬರು ಕೇಳುವಂತಿಲ್ಲ. ಕಳೆದ ವಾರ ಅಪ್ಪನ ಇನ್ನೊಂದು ಕಣ್ಣಿನ ವಿಷಯ ಬರೆದಿದ್ದೆ. ರಾತ್ರಿ ಯಾವ ಹೊತ್ತಿಗೋ ಮರಳು ಗಡಿಯಾರ ಬಂದಿತ್ತು. ಎಷ್ಟು ಗಂಟೆಗೆ ಓದಿದಳು ಅಂತ ವಿವರ ತೆರೆದು ನೋಡಲಿಲ್ಲ. ಎರಡು ದಿನ ಬಿಟ್ಟು ಅವಳ ಉತ್ತರ ಬಂತು: “ರಜೆ ಸಿಕ್ಕಿತು. ಚೀಟಿ ಈ ಸಲ ಬೇಡ ಅಕ್ಕಾ.”