ಹುಬ್ಬಳ್ಳಿಯೊಳಗ ಎಸಿಎಲ್ (ಮೊಣಕಾಲಿನೊಳಗ ಎಲುಬಿಗೆ ಎಲುಬು ಕಟ್ಟಿ ಹಿಡಿಯೋ ಲಿಗಮೆಂಟ್) ಆಪರೇಷನ್ ಮಾಡಿಸ್ಕೊಂಡು ಹತ್ತು ತಿಂಗಳಾತು, ನನ್ನ ಅನುಭವ

ನಮ್ಮೂರು ಕುಂದಗೋಳ ಕಡೆ. ಕಬಡ್ಡಿ ಆಡುವಾಗ ಪಾದ ನೆಲಕ್ಕ ಕಚ್ಚಿ ನಿಂತು ಮೈ ಅಷ್ಟ ತಿರುಗಿತು, ಟಪ್ ಅಂತ ಸಪ್ಪಳ, ತಾಸಿನ್ಯಾಗ ಮೊಣಕಾಲು ಬಾತು. ಮೊದ್ಲು ತೋರಿಸಿದಲ್ಲೆ ಎಕ್ಸರೇ ತಗದು ಎಲುಬು ಮುರದಿಲ್ಲ ಅಂತ ಬ್ಯಾಂಡೇಜ್ ಸುತ್ತಿ ಕಳಿಸಿದ್ರು. ಲಿಗಮೆಂಟ್ ಎಕ್ಸರೇದಾಗ ಕಾಣೂದಿಲ್ರಿ, ಅದು ಗೊತ್ತಿಲ್ದ ಎರಡು ತಿಂಗಳು ಹಾಳಾತು.

ಆಮ್ಯಾಲೆ ಹುಬ್ಬಳ್ಳಿ ಆಸ್ಪತ್ರೆಗೆ ಬಂದೆ. ಡಾಕ್ಟ್ರು ಎಂಆರ್‌ಐಕಿಂತ ಮೊದ್ಲ ಮೊಣಕಾಲು ಚೂರು ಮಡಚಿ, ಒಂದು ಕೈಲೆ ತೊಡಿ ಹಿಡದು ಇನ್ನೊಂದು ಕೈಲೆ ಕೆಳಗಿನ ಕಾಲು ಮುಂದಕ್ಕ ಜಗ್ಗಿದ್ರು. ಚೊಲೋ ಕಾಲು ಗಕ್ಕನ ನಿಲ್ತು, ಎಸಿಎಲ್ ಹರದಿದ್ದಕ್ಕ ಇದು ಸಡಲ ಆಗಿ ಮುಂದ ಬಂತು, ನಾನ ಕಣ್ಣಾರೆ ನೋಡಿದೆ.

ನನಗ ಭಾಳ ಸೇರಿದ್ದು ಅವ್ರು ಕೇಳಿದ ರೀತಿ. ಹೊಸ ಲಿಗಮೆಂಟಿಗೆ ಮೊಣಚಿಪ್ಪಿನ ಕೆಳಗಿನ ಟೆಂಡನ್ (ಗಟ್ಟಿ ಹುರಿಯಂಥಾದ್ದು) ಎರಡೂ ತುದಿಗೆ ಎಲುಬಿನ ತುಣುಕು ಸಮೇತ ತಗೊಂಡ್ರ ಬೇಗ ಕೂಡ್ತದಂತ, ಆದ್ರ ಮುಂದ ಮೊಣಕಾಲೂರಿದ್ರ ನೋವು ಬರಬಹುದು, "ನೀವು ಹೊಲದಾಗ ಕಳೆ ತಗಿಯಾಕ ಕೂಡ್ತೀರೇನು?" ಅಂದ್ರು. ಹೌದ್ರಿ ಅಂದೆ. ಅದಕ್ಕ ತೊಡಿ ಹಿಂದಿನ ಹ್ಯಾಮ್‌ಸ್ಟ್ರಿಂಗ್ ಟೆಂಡನ್ ತಗದು ನಾಕ್ಮಡಿ ಮಡಚಿ 8 ಮಿಲಿಮೀಟರ್ ದಪ್ಪ ಮಾಡಿ, ತೊಡಿ ಎಲುಬಿಗೂ ಕೆಳಗಿನ ಎಲುಬಿಗೂ ತೂತು ಕೊರದು ಸೇರಿಸಿದ್ರು, ಅದನ್ನ ಹಿಡದಿಡಾಕ ಮ್ಯಾಲೆ ಬಟನ್, ಕೆಳಗ ಸ್ಕ್ರೂ. ಬೆನ್ನಿಗೆ ಇಂಜೆಕ್ಷನ್ ಇತ್ತು, ಎಚ್ಚರ ಇದ್ದೆ.

ತಕರಾರು ಒಂದ: ಪ್ಯಾಕೇಜಿನ್ಯಾಗ ಬಟನ್ ಸ್ಕ್ರೂ ರೊಕ್ಕ ಸೇರಿರ್ಲಿಲ್ಲ, ಡಿಸ್ಚಾರ್ಜ್ ದಿನ ಹೇಳಿದ್ರು. ಮನ್ಯಾಗ ಓಡಾಡಿ ಹೊಂದಿಸಬೇಕಾತು. ನೀವು ಮೊದ್ಲ ಬರಸ್ಕೊಳ್ರಿ. ಕೆಳಗಿನ ಕಾಲಿನ ಹೊಲಗಿ ಪಕ್ಕ ಅಂಗೈಯಷ್ಟು ಜಾಗ ಇನ್ನೂ ಜೋಮು ಅದ, ಅದನ್ನ ಮೊದ್ಲ ತಿಳಿಸಿದ್ರು.

ಫಿಸಿಯೋಥೆರಪಿಗೆ ಮಾತ್ರ ಪೂರ್ತಿ ಮಾರ್ಕ್ಸ್. ಹಿಮ್ಮಡಿ ಕೆಳಗ ಟವೆಲ್ ಸುರುಳಿ ಇಟ್ಟು ಮೊಣಕಾಲು ಕೆಳಗ ಒತ್ತಸ್ತಿದ್ರು, ಪೂರ್ತಿ ನೆಟ್ಟಗಾಗದಿದ್ರ ಜೀವನಪೂರ್ತಿ ಕುಂಟತೀರಿ ಅಂತ ದಿನಾ ಹೇಳೋರು. ಎರಡ್ನೇ ತಿಂಗಳಿಗೆ ನೋವು ಹೋತು, ನಾನು ಹೊಲಕ್ಕ ಹೊಂಟಿದ್ದೆ, ಫಿಸಿಯೋಥೆರಪಿ ಅಕ್ಕಾರು ಬೈದು ಕೂಡಿಸಿದ್ರು: "ನೋವು ಹೋತಂದ್ರ ಗಟ್ಟಿ ಆತಂತಲ್ಲಣ್ಣ, ಈಗ ಹೊಸಾ ರಕ್ತನಾಳ ಬೆಳಿಯಾಕತ್ತಾವು, ಗ್ರಾಫ್ಟ್ (ಹಾಕಿದ ಹೊಸ ಲಿಗಮೆಂಟ್) ಇದ ಟೈಮಿಗೆ ಭಾಳ ಸೂಕ್ಷ್ಮ." ಆಟ ಒಂಬತ್ತು ತಿಂಗಳ ಮ್ಯಾಲೆ ಅಂತ ಬರದ ಕೊಟ್ರು.

ಹೋದ ವಾರ ಒಂಟಿಗಾಲಿಲೆ ಜಿಗಿಸಿ ಟೇಪ್ ಹಿಡದು ಅಳದ್ರು. ಚೊಲೋ ಕಾಲಿನ ನೂರಕ್ಕ 86 ಬಂತು, 90 ಆಗೋತನಕ ಮ್ಯಾಟಿಗೆ ಇಳಿಬ್ಯಾಡ್ರಿ ಅಂದಾರ. ಸೋಮವಾರದಿಂದ ಮತ್ತ ಫಿಸಿಯೋಥೆರಪಿಗೆ ಹೋಗಾಂವ ಅದೇನಿ.